ಇಂಚು ಮಿಲಿಮೀಟರ್ ಆದಾಗ: ಹಾಟ್ ರಾಡ್ ಮತ್ತು ಪಿಕಪ್ ಮಾದರಿಗಳು

1932ರಲ್ಲಿ ಅಮೆರಿಕದ ಫೋರ್ಡ್ ಕಂಪನಿ ಸಾಮಾನ್ಯರು ಕೊಳ್ಳುವ ಅಗ್ಗದ ಕಾರಿಗೆ ವಿ-8 ಎಂಜಿನ್ ಕೂರಿಸಿತು. ಅದರ ಬಲ 65 ಅಶ್ವಶಕ್ತಿ. ಇಂದು ನಮ್ಮ ರಸ್ತೆಯ ಸಣ್ಣ ಕಾರುಗಳಿಗೂ ಅಷ್ಟಿದೆ. ಆಗ ಮಾತ್ರ ಅದು ದೊಡ್ಡ ಸುದ್ದಿ. ಕೆಲವು ವರ್ಷ ಕಳೆದು ಆ ಕಾರುಗಳು ಗುಜರಿ ಬೆಲೆಗೆ ಇಳಿದವು. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಅವನ್ನು ಕೊಂಡು, ಭಾರ ಇಳಿಸಲು ಮಡ್‌ಗಾರ್ಡ್, ಬಂಪರ್ ಕಳಚಿ, ಎಂಜಿನ್ ಬಿಚ್ಚಿ ತಿದ್ದಿ, ಮೊಹಾವೆ ಮರುಭೂಮಿಯ ಒಣಗಿದ ಕೆರೆಗಳ ಮೇಲೆ ಓಡಿಸಿದರು. ಮುರೋಕ್, ಎಲ್ ಮಿರಾಜ್ ಎಂಬ ಆ ಕೆರೆಯಂಗಳಗಳು ಹಲಗೆಯಂತೆ ಚಪ್ಪಟೆ. ಓಟಗಳಿಗೆ ಒಂದು ಶಿಸ್ತು ತರಲು 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಹುಟ್ಟಿತು. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ 'ಹಾಟ್ ರಾಡ್' ಪತ್ರಿಕೆ ಆರಂಭಿಸಿದಾಗ ಈ ಹುಚ್ಚು ದೇಶಕ್ಕೆಲ್ಲ ಹಬ್ಬಿತು.

ಹೀಗೆ ಬಿಚ್ಚಿ ಕಟ್ಟಿದ ಕಾರೇ ಹಾಟ್ ರಾಡ್. ಅದಕ್ಕೆ ಕಾರ್ಖಾನೆಯ ನಕ್ಷೆ ಇರುವುದಿಲ್ಲ. ಯುದ್ಧವಿಮಾನದ ಮಾದರಿ ಕಟ್ಟುವವರಿಗೆ ರಿವೆಟ್ ಎಣಿಸುವ ಪಂಡಿತರ ಕಾಟವಿದೆ. ಹಾಟ್ ರಾಡ್ ಮಾದರಿ ಕಟ್ಟುವವರು ಅದರಿಂದ ಪಾರು. ಯಾವ ಎಂಜಿನ್ ಯಾವ ಬಾಡಿಗೆ ಎಂಬುದು ಅವರವರ ಇಷ್ಟ. ಆದರೆ ನೋಡಿದವರಿಗೆ 'ಇದು ಓಡುವ ಗಾಡಿ' ಎನ್ನಿಸಬೇಕು. ಇಲ್ಲಿನ ಕಟ್ಟುನಿಟ್ಟು ಅದೊಂದೇ. ರೇಡಿಯೇಟರಿನ ಹೋಸ್ ಎಂಜಿನ್ ಮುಟ್ಟದೆ ಗಾಳಿಯಲ್ಲಿ ನಿಂತಿದ್ದರೆ, ಸ್ಟೀರಿಂಗ್ ಕಂಬ ಎಲ್ಲಿಗೂ ತಲುಪದಿದ್ದರೆ, ಟೈರು ಮಡ್‌ಗಾರ್ಡಿಗೆ ಉಜ್ಜುವಂತಿದ್ದರೆ ಬಣ್ಣ ಎಷ್ಟು ಹೊಳೆದರೂ ಅದು ಆಟಿಕೆಯೇ.

ಪ್ಲಾಸ್ಟಿಕ್ ಮಾದರಿಗಳ ಕತೆ ಶುರುವಾಗಿದ್ದು ಕಾರು ಮಾರುವ ಅಂಗಡಿಯಲ್ಲಿ. ಮಿಷಿಗನ್ ರಾಜ್ಯದ ಎಎಂಟಿ ಕಂಪನಿ 1948ರಿಂದ ಹೊಸ ಕಾರುಗಳ ಪುಟ್ಟ ಪ್ರತಿಗಳನ್ನು ಮಾಡಿ ಡೀಲರುಗಳಿಗೆ ಕೊಡುತ್ತಿತ್ತು. ಗಿರಾಕಿಯ ಮಗನ ಕೈಗೆ ಅದು ಬಂದರೆ ಅಪ್ಪನ ಮನಸ್ಸು ಮೆತ್ತಗಾಗುತ್ತದೆ ಎಂಬ ವ್ಯಾಪಾರದ ಉಪಾಯ. ಮೊದಲ ಕಾಲದ ಆ ಪ್ರತಿಗಳು ಅಸಿಟೇಟ್ ಪ್ಲಾಸ್ಟಿಕ್‌ನವು, ವರ್ಷ ಕಳೆದಂತೆ ಸೊಟ್ಟಗಾದವು. 1958ರಲ್ಲಿ ಎಎಂಟಿ ಬಿಡಿಭಾಗಗಳ ಕಿಟ್ ತಂದಿತು. ಒಂದೇ ಪೆಟ್ಟಿಗೆಯಲ್ಲಿ ಮೂರು ದಾರಿ: ಕಾರ್ಖಾನೆಯಿಂದ ಬಂದಂತೆ ಕಟ್ಟಬಹುದು, ಅಲಂಕರಿಸಿ ಕಟ್ಟಬಹುದು, ಪಂದ್ಯದ ಕಾರಾಗಿ ಕಟ್ಟಬಹುದು. ನನ್ನ ಎಣಿಕೆಯಲ್ಲಿ ಈ ಹವ್ಯಾಸ ನಿಜವಾಗಿ ಹುಟ್ಟಿದ್ದು ಆ ಪೆಟ್ಟಿಗೆಯಲ್ಲೇ. ಒಂದು ರೂಪಕ್ಕೆ ಕಟ್ಟಿದ ಮೇಲೆ ಉಳಿದ ಬಿಡಿಭಾಗಗಳು ಮುಂದಿನ ಕಾರಿಗೆ ಬಂಡವಾಳ. ಇಂದಿಗೂ ಮಾದರಿಕಾರರ ಮನೆಯಲ್ಲಿ ಇಂಥ ಬಿಡಿಭಾಗಗಳ ಡಬ್ಬಿ ಇದ್ದೇ ಇರುತ್ತದೆ. 1960ರ ದಶಕದಲ್ಲಿ ರೆವೆಲ್ ಕಂಪನಿ ಎಡ್ ರಾಥ್ ಎಂಬ ಹುಚ್ಚು ಪ್ರತಿಭೆಯ ಕಾರುಗಳನ್ನು ಕಿಟ್ ಮಾಡಿತು. ರಾಥ್‌ನ 'ಬೀಟ್‌ನಿಕ್ ಬ್ಯಾಂಡಿಟ್' ಕಾರಿಗೆ ಚಾವಣಿಯಾಗಿ ಪಾರದರ್ಶಕ ಗುಳ್ಳೆ, ಸ್ಟೀರಿಂಗ್ ಚಕ್ರದ ಬದಲು ಒಂದೇ ಒಂದು ಹಿಡಿಕೆ. ಅಸಲಿ ಕಾರು ಈಗ ನೆವಾಡಾದ ರೀನೋ ನಗರದ ವಸ್ತುಸಂಗ್ರಹಾಲಯದಲ್ಲಿದೆ.

ಇನ್ನು ಅಳತೆಯ ವಿಷಯ. ಅಮೆರಿಕದ ಕಾರು ಮಾದರಿಗಳು ಹೆಚ್ಚಾಗಿ 1/25 ಇಲ್ಲವೇ 1/24. ಮೊದಲನೆಯದರಲ್ಲಿ ನಮ್ಮಂಥವರಿಗೆ ಒಂದು ಅನುಕೂಲವಿದೆ. ಒಂದು ಇಂಚು ಎಂದರೆ 25.4 ಮಿಲಿಮೀಟರ್, ಅದನ್ನು 25ರಿಂದ ಭಾಗಿಸಿದರೆ ಹತ್ತಿರಹತ್ತಿರ ಒಂದು ಮಿಲಿಮೀಟರ್. ಅಂದರೆ ಅಮೆರಿಕದ ಪುಸ್ತಕದಲ್ಲಿ ಇಂಚಿನಲ್ಲಿ ಕೊಟ್ಟ ಅಳತೆಯನ್ನು ಹಾಗೆಯೇ ಮಿಲಿಮೀಟರ್ ಎಂದು ಓದಿಕೊಂಡರೆ ಆಯಿತು. 1932ರ ಫೋರ್ಡಿನ ಮುಂದಿನ ಹಿಂದಿನ ಚಕ್ರಗಳ ನಡುವೆ 106 ಇಂಚು. 1/25ರ ಮಾದರಿಯಲ್ಲಿ, ನಿಖರವಾಗಿ ಲೆಕ್ಕ ಹಾಕಿದರೂ, ಅದು ಸುಮಾರು 108 ಮಿಲಿಮೀಟರ್. 1/24ರಲ್ಲಿ ಅದೇ ದೂರ 112. ಎರಡು ಅಳತೆಗಳ ನಡುವೆ ಎಂಜಿನ್, ಸೀಟು ಅದಲುಬದಲು ಮಾಡಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬಾಡಿ, ಚಾಸಿ ಮಾತ್ರ ಒಂದಕ್ಕೊಂದು ಕೂರುವುದಿಲ್ಲ.

ಹಾಟ್ ರಾಡ್ ಮಂದಿಯ ಮೆಚ್ಚಿನ ಕಸರತ್ತು ಚಾವಣಿ ತಗ್ಗಿಸುವುದು. ಕಿಟಕಿಯ ಕಂಬಗಳನ್ನು ಮೂರು ಇಂಚು ಕತ್ತರಿಸಿ ಚಾವಣಿಯನ್ನು ಮತ್ತೆ ಕೂರಿಸುತ್ತಾರೆ. ಮಾದರಿಯಲ್ಲಿ ಅದು ಬರೀ ಮೂರು ಮಿಲಿಮೀಟರ್, ಸಣ್ಣ ಗರಗಸದ ಕೆಲಸ. ತೊಡಕು ಇರುವುದು ಆಮೇಲೆ. ಮುಂದಿನ ಕಂಬಗಳು ಹಿಂದಕ್ಕೆ ವಾಲಿರುವುದರಿಂದ, ಚಾವಣಿ ನೇರ ಕೆಳಗಿಳಿದರೆ ಕತ್ತರಿಸಿದ ತುದಿಗಳು ಒಂದಕ್ಕೊಂದು ಸಿಗುವುದಿಲ್ಲ. ಚಾವಣಿಯನ್ನು ನಡುವೆ ಸೀಳಿ ಪ್ಲಾಸ್ಟಿಕ್ ತುಂಡು ಸೇರಿಸಿ ಉದ್ದ ಮಾಡಬೇಕು, ಇಲ್ಲವೇ ಕಂಬವನ್ನೇ ಇನ್ನಷ್ಟು ವಾಲಿಸಬೇಕು. ಉಕ್ಕಿನ ಕಾರಿನಲ್ಲಿ ವೆಲ್ಡರ್ ಎದುರಿಸುವ ಕಷ್ಟವೂ ಇದೇ. ಗಾಜಿನ ಬದಲು ಕಿಟ್‌ನಲ್ಲಿ ಬಂದ ಪಾರದರ್ಶಕ ತುಂಡು ಆಗ ಹೊಂದುವುದಿಲ್ಲ. ತೆಳು ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಒಣಗಿದರೆ ಕಾಣದಂತಾಗುವ ಬಿಳಿ ಫೆವಿಕಾಲಿನಲ್ಲಿ ಕೂರಿಸಬೇಕು. ಅಲ್ಲಿ ಫೆವಿಕ್ವಿಕ್ ಬಳಸಿದರೆ ಅದರ ಆವಿ ಗಾಜಿಗೆ ಬೂದು ಮಂಜು ಹಿಡಿಸುತ್ತದೆ.

ಜೋಡಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಕಿಟ್‌ನ ಜೊತೆ ಬರುವ ಚಿತ್ರಗಳೇ ಸಾಕು. ಬಿಡಿಭಾಗಗಳನ್ನು ಸೋಪಿನ ನೀರಲ್ಲಿ ತೊಳೆಯಿರಿ. ಅಚ್ಚಿನಿಂದ ಸಲೀಸಾಗಿ ಬಿಡಿಸಲು ಹಚ್ಚಿದ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ. ಅಚ್ಚಿನ ಎರಡು ಅರ್ಧಗಳು ಕೂಡುವಲ್ಲಿ ಎದ್ದ ಸಣ್ಣ ಗೆರೆಯನ್ನು ಬ್ಲೇಡಿನಿಂದ ಹೆರೆಯಿರಿ. ಕ್ರೋಮ್ ಬಿಡಿಭಾಗಗಳ ಹೊಳಪು ಪ್ಲಾಸ್ಟಿಕ್ ಮೇಲೆ ನಿರ್ವಾತದಲ್ಲಿ ಕೂರಿಸಿದ ಅಲ್ಯೂಮಿನಿಯಂನ ತೆಳು ಪೊರೆ. ಅಂಟು ಹಾಕುವ ಜಾಗದಲ್ಲಿ ಅದನ್ನು ಕೆರೆಯಲೇಬೇಕು, ಯಾಕೆಂದರೆ ಮಾದರಿಯ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವಂಥದು, ಲೋಹಕ್ಕೆ ಅದು ಹತ್ತುವುದಿಲ್ಲ.

ಬಣ್ಣಕ್ಕೆ ಬರೋಣ. ಕಾರನ್ನು 25 ಪಾಲು ಕುಗ್ಗಿಸಬಹುದು, ಬಣ್ಣವನ್ನು ಕುಗ್ಗಿಸಲಾಗದು. ನಿಜ ಕಾರಿನ ಬಣ್ಣದ ದಪ್ಪ ನೂರು ಮೈಕ್ರಾನಿನ ಆಸುಪಾಸು. ಆ ಲೆಕ್ಕದಲ್ಲಿ ಮಾದರಿಯ ಮೇಲೆ ನಾಲ್ಕು ಮೈಕ್ರಾನ್ ಇರಬೇಕು; ಅಷ್ಟು ತೆಳುವಾಗಿ ಯಾರೂ ಹೊಡೆಯಲಾರರು. ನಾವು ಹೊಡೆದದ್ದು ಐವತ್ತು ಮೈಕ್ರಾನ್ ಎಂದುಕೊಳ್ಳಿ. ನಿಜ ಕಾರಿನ ಮೇಲೆ ಅದು ಒಂದೂಕಾಲು ಮಿಲಿಮೀಟರ್ ದಪ್ಪದ ಮೆತ್ತೆ! ಬಾಗಿಲ ಸುತ್ತಲಿನ ಸಂದು ನಿಜ ಕಾರಿನಲ್ಲಿ ಐದು ಮಿಲಿಮೀಟರ್ ಇದ್ದರೆ ಮಾದರಿಯಲ್ಲಿ 0.2. ಎರಡೂ ಕಡೆಯಿಂದ ಬಣ್ಣ ತುಂಬಿದರೆ ಅದರಲ್ಲಿ ಅರ್ಧ ಹೋಯಿತು. ಅದಕ್ಕೇ ಅನುಭವಸ್ಥರು ಪ್ರೈಮರಿಗೂ ಮೊದಲೇ ಬ್ಲೇಡಿನ ಬೆನ್ನಿನಿಂದ ಬಾಗಿಲು, ಡಿಕ್ಕಿ, ಬಾನೆಟ್ಟಿನ ಗೆರೆಗಳನ್ನು ಆಳವಾಗಿ ಕೊರೆದಿಟ್ಟುಕೊಳ್ಳುತ್ತಾರೆ.

ಮಿನುಗುವ ಮೆಟಲ್ ಫ್ಲೇಕ್ ಬಣ್ಣದಲ್ಲೂ ಇದೇ ಗೋಳು. ನಿಜ ಕಾರಿಗೆ ಬಳಸುವ 0.2 ಮಿಲಿಮೀಟರ್ ಚೂರನ್ನು ಮಾದರಿಗೆ ಬಳಸಿದರೆ, ಐದು ಮಿಲಿಮೀಟರ್ ಅಗಲದ ಜರಿ ಅಂಟಿಸಿದ ಕಾರಿನಂತೆ ಕಾಣುತ್ತದೆ. ಮಾದರಿಗೆ ಹಿಟ್ಟಿನಷ್ಟು ನುಣ್ಣನೆಯ ಪುಡಿಯೇ ಆಗಬೇಕು.

ಹಾಟ್ ರಾಡ್‌ಗಳ ರಾಜಬಣ್ಣ ಕ್ಯಾಂಡಿ ಆ್ಯಪಲ್ ರೆಡ್. ಅದರೊಂದಿಗೆ ಕ್ಯಾಲಿಫೋರ್ನಿಯಾದ ಜೋ ಬೈಲನ್ ಎಂಬ ಕಾರು ಕುಶಲಿಯ ಹೆಸರು ಬೆಸೆದುಕೊಂಡಿದೆ. ಕೆಳಗೆ ಚಿನ್ನ ಅಥವಾ ಬೆಳ್ಳಿ ಬಣ್ಣದ ಲೋಹದ ಪದರ, ಮೇಲೆ ಪಾರದರ್ಶಕ ಕೆಂಪು. ಬೆಳಕು ಕೆಂಪನ್ನು ದಾಟಿ ಲೋಹಕ್ಕೆ ಬಡಿದು ಮತ್ತೆ ಕೆಂಪಿನಲ್ಲೇ ಹಾದು ಹೊರಬರುವುದರಿಂದ ಆ ಆಳ ಸಿಗುತ್ತದೆ. ಆದರೆ ಒಂದೊಂದು ಕೋಟಿಗೂ ಬಣ್ಣ ಕಪ್ಪಾಗುತ್ತ ಹೋಗುತ್ತದೆ. ಬಾಡಿಗೆ ನಾಲ್ಕು ಕೋಟು, ಬಾನೆಟ್ಟಿಗೆ ಐದು ಹೊಡೆದರೆ ಎರಡು ಕಾರುಗಳಿಂದ ತಂದು ಜೋಡಿಸಿದಂತಿರುತ್ತದೆ. ಬಾನೆಟ್, ಬಾಗಿಲು, ಮಡ್‌ಗಾರ್ಡ್ ಎಲ್ಲವನ್ನೂ ಒಟ್ಟಿಗೆ, ಒಂದೇ ದಿನ, ಅಷ್ಟೇ ಕೋಟು ಹೊಡೆಯಬೇಕು. ಕಿಟ್‌ನ ಪ್ಲಾಸ್ಟಿಕ್ಕೇ ಕೆಂಪಾಗಿದ್ದು ಮೇಲೆ ಹಳದಿಯೋ ಬಿಳಿಯೋ ಹೊಡೆಯಬೇಕಿದ್ದರೆ ಇನ್ನೊಂದು ಎಚ್ಚರ: ಆ ಕೆಂಪು ಮೇಲಕ್ಕೆ ಒಸರಿ ಹಳದಿಯನ್ನು ಕಿತ್ತಳೆ ಮಾಡುತ್ತದೆ. ನಡುವೆ ಬೆಳ್ಳಿ ಬಣ್ಣದ ಒಂದು ಕೋಟು ಅಡ್ಡಗೋಡೆಯಾಗಬೇಕು.

ಯಾವ ಬಣ್ಣದ ಮೇಲೆ ಯಾವುದು ಎಂಬುದೂ ಮುಖ್ಯ. ಗ್ಯಾರೇಜಿನ ಪೇಂಟರುಗಳಿಗೆ ಗೊತ್ತಿರುವ ಮಾತೇ: ಲ್ಯಾಕರ್ ಮೇಲೆ ಎನಾಮಲ್ ಹೊಡೆಯಬಹುದು, ಎನಾಮಲ್ ಮೇಲೆ ಲ್ಯಾಕರ್ ಹೊಡೆದರೆ ಸುಕ್ಕುಗಟ್ಟಿ ಏಳುತ್ತದೆ. ಮಾದರಿಯಲ್ಲಿ ಇನ್ನೂ ಒಂದು ಅಪಾಯ, ಘಾಟಿನ ತಿನ್ನರ್ ಪ್ರೈಮರಿಲ್ಲದ ಪ್ಲಾಸ್ಟಿಕ್ಕನ್ನೇ ತಿಂದು ಬಲೆಬಲೆಯಾಗಿ ಸೀಳುತ್ತದೆ. ನಮ್ಮ ಕರಾವಳಿ, ಮಲೆನಾಡಿನ ಮಳೆಗಾಲವಂತೂ ಲ್ಯಾಕರಿನ ವೈರಿ. ತಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಇಬ್ಬನಿಯಾಗಿ ಕೂತು ಬಣ್ಣ ಬಿಳಿಚಿಕೊಳ್ಳುತ್ತದೆ. ಮಂಗಳೂರಿನಲ್ಲಿ ಕೂತು ಜುಲೈ ತಿಂಗಳಲ್ಲಿ ಕಪ್ಪು ಲ್ಯಾಕರ್ ಹೊಡೆಯುವ ಹಟ ಬೇಡ. ಆ ತಿಂಗಳು ಎಂಜಿನ್ ಜೋಡಿಸಿ.

ಇಷ್ಟೆಲ್ಲ ಓದಿ ಎದೆಗುಂದಿದವರಿಗೆ ಪಿಕಪ್ ಇದೆ. ಫೋರ್ಡ್ ಕಾರ್ಖಾನೆಯಿಂದಲೇ ತಯಾರಾಗಿ ಬಂದ ಮೊದಲ ಪಿಕಪ್ 1925ರ ಮಾಡೆಲ್ ಟಿ, ಬೆಲೆ 281 ಡಾಲರ್. ಮಾದರಿಕಾರರಿಗೆ ಪ್ರಿಯವಾದವು 1950ರ ದಶಕದ ಗಾಡಿಗಳು: 1953ರ ಫೋರ್ಡ್ ಎಫ್-100, ಶೆವ್ರೊಲೆ 3100, ಮತ್ತು 1956ರ ಎಫ್-100. ಆ ಪೀಳಿಗೆಯ ಫೋರ್ಡಿಗೆ ಬದಿಗಳಿಗೆ ಸುತ್ತಿಕೊಳ್ಳುವ ಮುಂಗಾಜು ಬಂದದ್ದು 56ರ ಒಂದೇ ವರ್ಷ. ಇವುಗಳ ಕಿಟ್‌ಗಳು ಮತ್ತೆ ಮತ್ತೆ ಅಚ್ಚಾಗಿವೆ.

ಪಿಕಪ್ಪಿನಲ್ಲಿ ತಪ್ಪುಗಳೂ ಕೆಲಸಕ್ಕೆ ಬರುತ್ತವೆ, ದುಡಿದ ಗಾಡಿಗೆ ಕಲೆ, ಗೀರು ಸಹಜವಲ್ಲವೇ. ಆದರೆ ತುಕ್ಕನ್ನು ಕಂಡಕಂಡಲ್ಲಿ ಬಳಿದರೆ ನಂಬಿಕೆ ಹುಟ್ಟುವುದಿಲ್ಲ. ಮೊದಲು ನಿಮ್ಮ ಗಾಡಿ ಯಾವ ಊರಿನದು ಎಂದು ತೀರ್ಮಾನಿಸಿ. ಅರಿಜೋನಾದ ಮರುಭೂಮಿಯಲ್ಲಿ ನಿಂತ ಗಾಡಿಗೆ ಮಳೆ ಕಡಿಮೆ, ಬಿಸಿಲು ಜಾಸ್ತಿ. ಚಾವಣಿ ಮತ್ತು ಬಾನೆಟ್ಟಿನ ಬಣ್ಣ ಸುಟ್ಟು ಪ್ರೈಮರ್ ಕಾಣುತ್ತದೆ, ಕೆಳಭಾಗ ಗಟ್ಟಿಯಾಗಿಯೇ ಇರುತ್ತದೆ. ಮಿಷಿಗನ್‌ನ ಗಾಡಿ ಇದಕ್ಕೆ ತದ್ವಿರುದ್ಧ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುತ್ತಾರೆ. ಅದು ಬಾಗಿಲ ಅಡಿ, ಕ್ಯಾಬಿನ್ನಿನ ಮೂಲೆ, ಮಡ್‌ಗಾರ್ಡಿನ ಒಳಬದಿಯನ್ನು ತಿಂದುಹಾಕುತ್ತದೆ, ಚಾವಣಿ ಹೊಳೆಯುತ್ತಿರುತ್ತದೆ. ನಮ್ಮವರು ಎಡವುವ ಜಾಗವೊಂದಿದೆ. ಚಾಲಕ ದಿನಾ ಹತ್ತಿಳಿಯುವ ಫುಟ್‌ಬೋರ್ಡ್ ಹೆಚ್ಚು ಸವೆಯಬೇಕು ಎಂದು ನಾವು ಅಭ್ಯಾಸಬಲದಿಂದ ಬಲಬದಿಯನ್ನು ಸವೆಸುತ್ತೇವೆ. ಅಮೆರಿಕದ ಗಾಡಿಯಲ್ಲಿ ಸ್ಟೀರಿಂಗ್ ಎಡಕ್ಕೆ.

ಬಣ್ಣ ಚಕ್ಕೆ ಎದ್ದಂತೆ ಮಾಡುವ ಸುಲಭ ಉಪಾಯ ಕೂದಲಿಗೆ ಹೊಡೆಯುವ ಹೇರ್‌ಸ್ಪ್ರೇ. ಮೊದಲು ತುಕ್ಕಿನ ಬಣ್ಣ ಹೊಡೆದು ಪೂರ್ತಿ ಒಣಗಿಸಿ. ಅದರ ಮೇಲೆ ಹೇರ್‌ಸ್ಪ್ರೇ, ಅದು ಆರಿದ ಮೇಲೆ ನೀರಿನ ಅಕ್ರಿಲಿಕ್ ಬಣ್ಣ. ಬಣ್ಣ ಒಣಗಿ ಹೆಚ್ಚು ಹೊತ್ತಾಗುವ ಮುನ್ನ ಒದ್ದೆ ಬ್ರಷ್ಷಿನಿಂದ ಉಜ್ಜಿದರೆ ಕೆಳಗಿನ ಹೇರ್‌ಸ್ಪ್ರೇ ಕರಗಿ ಮೇಲಿನ ಬಣ್ಣ ಚಕ್ಕೆಚಕ್ಕೆಯಾಗಿ ಏಳುತ್ತದೆ. ಸರಕು ಹೇರುವ ತೊಟ್ಟಿಯ ತಳಕ್ಕೆ ಆ ಕಾಲದಲ್ಲಿ ಮರದ ಹಲಗೆ, ನಡುನಡುವೆ ಉಕ್ಕಿನ ಪಟ್ಟಿ ಹಾಕುತ್ತಿದ್ದರು. ಹಲಗೆಗಳಿಗೆ ತಿಳಿಕಂದು ಬಳಿದು, ಮೇಲೆ ನೀರಾದ ಕಡುಕಂದನ್ನು ಉದ್ದಕ್ಕೆ ಎಳೆದರೆ ಮರದ ಎಳೆ ಮೂಡುತ್ತದೆ. ಒಂದೊಂದು ಹಲಗೆಯ ಬಣ್ಣ ತುಸು ಬೇರೆಯಿರಲಿ.

ಫೋಟೋ ನೋಡಿ ಕಟ್ಟುವುದಕ್ಕಿಂತ ಹಳೆ ಗಾಡಿಗಳನ್ನು ಕಣ್ಣಾರೆ ನೋಡುವುದು ಒಳ್ಳೆಯದು. ಧರ್ಮಸ್ಥಳದ ಹಳೆ ಕಾರುಗಳ ಸಂಗ್ರಹಾಲಯಕ್ಕೆ ಹೋದಾಗ ಮಡ್‌ಗಾರ್ಡ್ ಬಾಡಿಗೆ ಕೂಡುವ ರೀತಿ, ಹೆಡ್‌ಲೈಟಿನ ಕಂಬ, ಬಾಗಿಲ ತಿರುಗಣಿ, ಫುಟ್‌ಬೋರ್ಡ್ ಗಮನಿಸಿ.

ಹೊಸಬರು ಮೊದಲ ಕಿಟ್ ಆಗಿ ಹಳೆ ಪಿಕಪ್ಪನ್ನೇ ಕೊಳ್ಳಿ, ಕ್ಯಾಂಡಿ ಬಣ್ಣದ ಹಾಟ್ ರಾಡ್ ಮೂರನೆಯದೋ ನಾಲ್ಕನೆಯದೋ ಆಗಲಿ. ಪ್ರತಿ ಬಣ್ಣವನ್ನೂ ಮೊದಲು ಪ್ಲಾಸ್ಟಿಕ್ ಚಮಚದ ಬೆನ್ನ ಮೇಲೆ ಹೊಡೆದು ನೋಡಿ. ಸ್ಪ್ರೇ ಮಾಡುವಾಗ ಕಿಟಕಿ ತೆರೆದಿರಲಿ, ಒಲೆ, ದೀಪ ಹತ್ತಿರ ಬೇಡ. ಬಟ್ಟೆಯ ಮಾಸ್ಕ್ ತಿನ್ನರಿನ ಆವಿಯನ್ನು ತಡೆಯುವುದಿಲ್ಲ. ಇದ್ದಿಲಿನ ಫಿಲ್ಟರ್ ಇರುವ ಮಾಸ್ಕ್ ಕೊಳ್ಳದೆ ಲ್ಯಾಕರ್ ಡಬ್ಬಿಯ ಮುಚ್ಚಳ ತೆಗೆಯಬೇಡಿ.