ಹೆಬ್ಬೆರಳು ಹಿಡಿಯುವ ಕೋವಿ

ಕೈಲ್‌ಪೋಳ್ದ್ ಎಂಬ ಆಯುಧಪೂಜೆಯ ಹಬ್ಬದ ದಿನ ಕೊಡಗಿನ ಮನೆಯೊಂದರಲ್ಲಿ, ತೋಕ್ ಪೂ (ಕೋವಿ ಹೂವು) ಮುಡಿಸಿಕೊಂಡು ಪೂಜೆಗೆ ನಿಂತ ಜೋಡುನಳಿಗೆಗಳ ಸಾಲಿನಲ್ಲಿ ಒಂದು ವಿಂಚೆಸ್ಟರ್ ಕಂಡಿತು. ಜಾನ್ ಬ್ರೌನಿಂಗ್ ರೂಪಿಸಿದ 1894ರ ಮಾದರಿ. ಕೌಬಾಯ್ ಸಿನಿಮಾಗಳಿಂದ ಅದರ ಲಿವರ್ ಎಲ್ಲರಿಗೂ ಗೊತ್ತು. ನನ್ನ ಕಣ್ಣು ನೆಟ್ಟಿದ್ದು ಬಲ ಮಗ್ಗುಲಿನ ಪುಟ್ಟ ಉಕ್ಕಿನ ಬಾಗಿಲಿನ ಮೇಲೆ.

ಮನೆಯ ಹಿರಿಯರು ಮದ್ದಿಲ್ಲದ ನಾಲ್ಕಾರು ತೋಟೆ ಕೊಟ್ಟು, “ತುಂಬಿ ನೋಡಿ” ಎಂದರು. ಮೂತಿಯಿಟ್ಟು ಒತ್ತಿದೆ, ಅರ್ಧಕ್ಕೇ ನಿಂತಿತು. ಬಲ ಹಾಕಿದೆ. ತೋಟೆ ಒಳಹೋಯಿತು, ಬಾಗಿಲು ಪಟ್ಟನೆ ಮುಚ್ಚಿ ಹೆಬ್ಬೆರಳಿನ ಚರ್ಮ ಹಿಡಿಯಿತು.

“ಪೂರ್ತಿ ನೂಕಬೇಡಿ. ಬುಡ ಬಾಗಿಲಲ್ಲೇ ಇರಲಿ, ಹಿಂದಿನದು ಮುಂದಿನದನ್ನು ತಳ್ಳಿಕೊಳ್ಳುತ್ತೆ” ಎಂದರು. ಹಾಗೇ ಮಾಡಿದೆ. ಬಾಗಿಲು ಮುಚ್ಚಲಿಲ್ಲ, ಬೆರಳೂ ಉಳಿಯಿತು. ಕೊನೆಯದನ್ನಷ್ಟೇ ಪೂರ್ತಿ ಒಳಗೆ ಒತ್ತಬೇಕು. ಎಂಥ ಸರಳ ಉಪಾಯ!

1860ರ ಹೆನ್ರಿ ಕೋವಿಗೆ ಈ ಬಾಗಿಲೇ ಇರಲಿಲ್ಲ. ನಳಿಗೆಯಡಿಯ ಟ್ಯೂಬನ್ನು ಮುಂದಿನ ತುದಿಯಿಂದ ತುಂಬಬೇಕು. ಟ್ಯೂಬಿನುದ್ದದ ಸೀಳಿನಲ್ಲಿ ಮಣ್ಣು ನುಗ್ಗುತ್ತಿತ್ತು. ನೆಲ್ಸನ್ ಕಿಂಗ್ ಮಗ್ಗುಲಿಗೆ ಬಾಗಿಲಿಟ್ಟ ಮೇಲೆ 1866ರ ವಿಂಚೆಸ್ಟರ್ ಬಂತು. 1877ರಲ್ಲಿ ಪ್ಲೆವ್ನಾ ಕದನದಲ್ಲಿ ರಷ್ಯನ್ನರನ್ನು ತಡೆದ ತುರ್ಕರ ಕೈಯಲ್ಲಿ ಅದೂ ಇತ್ತು. ಇತಿಹಾಸಕಾರರು ಲಿವರನ್ನು ಹೊಗಳುತ್ತಾರೆ. ನನ್ನ ಮಟ್ಟಿಗೆ ಹೆಚ್ಚಿನ ಕೆಲಸ ಮಾಡಿದ್ದು ಈ ಬಾಗಿಲು.

ಇತ್ತ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ 1861ರಿಂದ ಕೋವಿ ಪರವಾನಗಿಯಿಂದ ವಿನಾಯಿತಿಯಿದೆ; ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿದೆ. ಹಳೆಯ ಕೋವಿಗಳು ಗಾಜಿನ ಪೆಟ್ಟಿಗೆ ಸೇರದೆ ಮನೆಮಂದಿಯ ಕೈಯಲ್ಲೇ ಉಳಿದಿರುವುದು ನನಗೆ ನಿಜಕ್ಕೂ ಸಂತೋಷದ ಸಂಗತಿ.

ಮತ್ತೆ ಆ ಬಾಗಿಲಿಗೆ ಬಂದರೆ, ತೋಟೆ ತುಂಬುವಾಗಿನ ಬಿಗಿ ಬರುವುದು ಎರಡು ಕಡೆಯಿಂದ. ಬಾಗಿಲೇ ಒಂದು ಪಟ್ಟಿ ಸ್ಪ್ರಿಂಗ್; ಟ್ಯೂಬಿನೊಳಗೆ ಸುರುಳಿ ಸ್ಪ್ರಿಂಗ್ ಬೇರೆ. ಪ್ರತಿ ತೋಟೆಗೂ ಸುರುಳಿ ಇನ್ನಷ್ಟು ಒತ್ತಿಕೊಳ್ಳುವುದರಿಂದ ಕೊನೆಯದಕ್ಕೇ ಹೆಚ್ಚು ಬಲ ಬೇಕು. ಅದನ್ನು ಕತ್ತರಿಸಿ ಹಗುರ ಮಾಡುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ: ಟ್ಯೂಬು ಖಾಲಿಯಾಗುತ್ತ ಬಂದಾಗ ಕೊನೆಯ ತೋಟೆಯನ್ನು ಹಿಂದಕ್ಕೆ ತಳ್ಳುವ ಕಸುವು ಆ ಸುರುಳಿಗೆ ಉಳಿದಿರಬೇಕು. ಬಾಗಿಲನ್ನು ಅತಿಯಾಗಿ ತೆಳುವಾಗಿಸಿದರೂ ತೊಂದರೆಯೇ. ತುಂಬಿದ ತೋಟೆ ಹೊರಗೆ ಜಾರದಂತೆ ತಡೆಯಬೇಕಾದದ್ದು ಅದೇ.

ಕೊಡಗಿನ ಮಳೆಗಾಲ ಕಳೆಯುವಷ್ಟರಲ್ಲಿ ಹಳೆಯ ಎಣ್ಣೆ ಅಂಟಾಗಿ ಕೂತಿರುತ್ತದೆ. ಕೋವಿ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು ಮೊದಲು ಆ ಅಂಟನ್ನು ತೊಳೆಯಬೇಕು. ಬಹಳ ಸಲ ಬಿಗಿಯೂ ಅದರೊಂದಿಗೇ ಹೋಗುತ್ತದೆ. ಆಮೇಲೂ ಬೆರಳು ಕತ್ತರಿಸಿದರೆ ಬಾಗಿಲಿನ ಚೂಪಂಚನ್ನು ನುಣ್ಣನೆಯ ಸಾಣೆಕಲ್ಲಿನಿಂದ ಸವರಿಸಬೇಕು, ಅದೂ ಪರವಾನಗಿಯಿರುವ ಕೋವಿ ರಿಪೇರಿಯವರ ಕೈಯಲ್ಲಿ.