ಹಳೆಯ ಪಿಸ್ತೂಲಿನ ನಳಿಗೆಯೂ ಅದನ್ನು ಬಿಡಿಸುವ ಸಾಧನಗಳೂ

ಹೊಸಂಗಡಿಯ ಘಟ್ಟವನ್ನೇರಿ ಮುಂದೆ ಸಾಗಿದರೆ ಎದುರಾಗುವ ‘ನಗರ’ವು ಕೋಟ ಕುಂದಾಪುರಗಳ ಜನರಿಗೆ ಇಂದು ಶಾಂತವಾದೊಂದು ಮಲೆನಾಡಿನ ಊರಾಗಿ ತೋರುವುದಾದರೂ, ಕೆಳದಿಯ ಅರಸರ ಬಿದನೂರಾಗಿದ್ದ ಅದನ್ನು 1763ರಲ್ಲಿ ಹೈದರಾಲಿಯು ಗೆದ್ದ ತರುವಾಯ, ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದಂತೆಯೇ ಅದೂ ಆಯುಧ ನಿರ್ಮಾಣದ ಸ್ಥಾನಗಳಲ್ಲಿ ಒಂದಾಗಿತ್ತು. 2018ರಲ್ಲಿ ಅಲ್ಲಿನ ಕೋಟೆಯ ಪಾಳುಬಾವಿಯಿಂದ ಹೊರಬಂದ ಸಾವಿರಕ್ಕೂ ಮಿಕ್ಕಿದ ಕಬ್ಬಿಣದ ರಾಕೆಟ್ಟುಗಳು ತುಕ್ಕಿನಿಂದ ಜೀರ್ಣವಾಗಿದ್ದುವು. ಆ ಕಾಲದ ಪಿಸ್ತೂಲುಗಳಿಗೂ ಪರಮಶತ್ರುವೆಂದರೆ ಈ ತುಕ್ಕೇ. ನಳಿಗೆಯನ್ನು ಬಿಡಿಸುವ ಸಾಧನಗಳ ವಿಚಾರವೆಲ್ಲ ಅದರ ಸುತ್ತಲೇ ತಿರುಗುತ್ತದೆ.

ಅಂದಿನ ಕುಶಲಿಯು ಕಾಯಿಸಿದ ಕಬ್ಬಿಣದ ಪಟ್ಟಿಯನ್ನು ಸಲಾಕೆಯ ಮೇಲೆ ಸುತ್ತಿ, ಅಡಿಗಲ್ಲಿನ ಮೇಲಿಟ್ಟು ಬಡಿದು, ಅಂಚುಗಳನ್ನು ಒಂದಾಗಿಸಿ, ಒಳಗನ್ನು ಕೊರೆದು ನುಣುಪುಗೊಳಿಸುತ್ತಿದ್ದನು. ಹೀಗಾದ ಕೊಳವೆಯ ಹಿಂತುದಿಯನ್ನು ತಿರುಪಿನ ಹಲ್ಲುಳ್ಳ ಒಂದು ಗಟ್ಟಿ ಬಿರಡೆಯಿಂದ ಮುಚ್ಚಲಾಗುತ್ತಿತ್ತು. ಮದ್ದು ಉರಿದಾಗಿನ ಸಮಸ್ತ ಒತ್ತಡವನ್ನೂ ಈ ಬಿರಡೆಯೇ ತಡೆಯಬೇಕು. ಚಕಮಕಿ ಪಿಸ್ತೂಲಿನಲ್ಲಿ ನಳಿಗೆಯನ್ನು ಮರದ ಹಿಡಿಯಿಂದ ಬೇರ್ಪಡಿಸುವುದು ಅಡ್ಡಮೊಳೆ, ತಿರುಪುಗಳನ್ನು ತೆಗೆದರೆ ಆಗುವ ಕೆಲಸ, ಕಷ್ಟವಿರುವುದು ಬಿರಡೆಯಲ್ಲಿ.

ಕರಿಮದ್ದು ಸುಟ್ಟಾಗ ಅದರ ಅರ್ಧಕ್ಕಿಂತ ಹೆಚ್ಚು ತೂಕವು ಅನಿಲವಾಗದೆ, ಪೊಟ್ಯಾಸಿಯಮ್ಮಿನ ಲವಣಗಳ ರೂಪದಲ್ಲಿ ಘನಶೇಷವಾಗಿ ಉಳಿದುಬಿಡುತ್ತದೆ. ಈ ಕಿಟ್ಟವು ಗಾಳಿಯ ತೇವವನ್ನು ಹೀರಿ ತಿರುಪಿನ ಹಲ್ಲುಗಳ ಸಂದಿಗೆ ಇಳಿಯುತ್ತದೆ. ಮಳೆಗಾಲದ ನಾಲ್ಕು ತಿಂಗಳ ಆರ್ದ್ರತೆಯೂ, ಕಡಲಿನಿಂದ ಬೀಸುವ ಗಾಳಿಯಲ್ಲಿನ ಉಪ್ಪೂ ಇದರ ಜತೆಗೂಡುವ ನಮ್ಮ ಕರಾವಳಿಯಲ್ಲಿ ತುಕ್ಕಿನ ವೇಗವು ಇಮ್ಮಡಿಸದಿದ್ದರೇ ಆಶ್ಚರ್ಯ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಕ್ಕಿದ ಸ್ಥಳವನ್ನು ಆಕ್ರಮಿಸುವುದರಿಂದ, ಹಲ್ಲುಗಳ ನಡುವೆ ಬೆಣೆಯನ್ನು ಬಡಿದಂತಾಗಿ, ತಿರುಪು ಹಂದದಂತೆ ಬಿಗಿದುಕೊಳ್ಳುತ್ತದೆ. ಹಿಂದೆ ನಮ್ಮ ಕಡೆಯ ಮನೆಗಳಲ್ಲಿ ಬೆಳೆಯ ರಕ್ಷಣೆಗೆಂದು ಇರುತ್ತಿದ್ದ ಕೇಪಿನ ಕೋವಿಯನ್ನು ಈಡು ಹಾರಿಸಿದ ದಿನವೇ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿಡುವುದರಲ್ಲಿ ಗಾಢವಾದ ರಸಾಯನ ವಿವೇಕವಿದೆ, ಏಕೆಂದರೆ ಆ ಲವಣಗಳು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿಯೇ ಕರಗುತ್ತವೆ.

ಎಲ್ಲಕ್ಕೂ ಮೊದಲು ಮಾಡಬೇಕಾದ ಪರೀಕ್ಷೆಯೊಂದುಂಟು. ನಳಿಗೆಯೊಳಕ್ಕೆ ಮದ್ದನ್ನು ಒತ್ತುವ ಸಲಾಕೆಯಾದ ಗಜವನ್ನು ತಳಮುಟ್ಟ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಮಾಡಿ, ಹೊರಗಿನಿಂದ ಅಳೆದು ನೋಡಿದಾಗ ಅದು ಬಿರಡೆಯವರೆಗೆ ಮುಟ್ಟದಿದ್ದರೆ, ಒಳಗೆ ಹಳೆಯ ಮದ್ದುಗುಂಡು ಉಳಿದಿರಬಹುದೆಂದು ತಿಳಿಯಬೇಕು. ಶತಮಾನ ಕಳೆದರೂ ಒಣಗಿದ ಕರಿಮದ್ದು ಕಿಡಿಗೆ ಹೊತ್ತಿಕೊಳ್ಳಬಲ್ಲುದು.

ಇನ್ನು ಸಾಧನಗಳ ಮಾತು. ಸಾಮಾನ್ಯವಾದ ವೈಸಿನ ಚಪ್ಪಟೆ ದವಡೆಗಳು ದುಂಡನೆಯ ನಳಿಗೆಯನ್ನು ಎರಡೇ ಗೆರೆಗಳಲ್ಲಿ ಮುಟ್ಟುವುದರಿಂದ ಒತ್ತಡವೆಲ್ಲ ಆ ಗೆರೆಗಳಲ್ಲಿಯೇ ನೆಲಸಿ, ತೆಳುವಾದ ನಳಿಗೆಯು ಅಂಡಾಕಾರಕ್ಕೆ ತಿರುಗುತ್ತದೆ. ಆದ್ದರಿಂದ ನಳಿಗೆಯ ಹೊರಸುತ್ತಿಗೆ ಸರಿಯಾಗಿ ಕೊರೆದ ಎರಡು ಅರೆತುಂಡುಗಳನ್ನು, ಗಟ್ಟಿಮರದ್ದಾಗಲಿ ಸೀಸ ತಾಮ್ರಗಳ ಒಳಪದರ ಹಚ್ಚಿದ ಉಕ್ಕಿನದಾಗಲಿ, ಬೋಲ್ಟುಗಳಿಂದ ಬಿಗಿಯುವ ಹಿಡಿತವನ್ನು ರೂಪಿಸುತ್ತಾರೆ. ಜಾರದಿರಲೆಂದು ನಡುವೆ ರಾಳದ ಪುಡಿಯನ್ನೂ ಉದುರಿಸುತ್ತಾರೆ. ಬಲವು ಇಡೀ ಸುತ್ತಿನ ಮೇಲೆ ಹರಡಿ, ಲೋಹಕ್ಕೆ ನೋವಾಗದೆ ಹಿಡಿತ ದೊರೆಯುತ್ತದೆ. ಬಿರಡೆಯ ಮುಖಗಳಿಗೆ ಕೂದಲೆಳೆಯ ಅಂತರವೂ ಉಳಿಯದಂತೆ ಅರದಿಂದ ಹೊಂದಿಸಿದ ಉದ್ದಹಿಡಿಯ ಸ್ಪ್ಯಾನರು ಇದರ ಜತೆಗಾರ. ಸಡಿಲವಾದ ಸ್ಪ್ಯಾನರು ಮೂಲೆಗಳನ್ನು ಸವೆಸಿ, ಮುಂದಿನ ಪ್ರಯತ್ನಕ್ಕೆ ಆಸ್ಪದವನ್ನೇ ಉಳಿಸದು. ಹಲ್ಲಿನೊಳಕ್ಕೆ ನುಸುಳುವ ತೆಳು ಎಣ್ಣೆಯಲ್ಲಿ ದಿನಗಟ್ಟಲೆ ನೆನೆಸಿಟ್ಟು, ಬರಿದೆಂದು ಖಚಿತವಾದ ನಳಿಗೆಯನ್ನು ಹೊರಗಿನಿಂದ ಮಿತವಾಗಿ ಕಾಯಿಸುವುದೂ ಉಂಟು: 25 ಮಿಲಿಮೀಟರು ವ್ಯಾಸದ ಉಕ್ಕು 100 ಡಿಗ್ರಿಯ ಏರಿಕೆಗೆ ಹಿಗ್ಗುವುದು ಸುಮಾರು 0.03 ಮಿಲಿಮೀಟರು ಮಾತ್ರ. ತುಕ್ಕಿನ ಪದರವು ಬಿರಿಯಲು ಅಷ್ಟು ಸಾಕಾಗುವುದುಂಟು.

ಇಪ್ಪತ್ತನೆಯ ಶತಮಾನದ ಲೂಗರ್ ಮೊದಲಾದ ಪಿಸ್ತೂಲುಗಳಲ್ಲಿ ನಳಿಗೆಯೇ ತಿರುಪಿನಿಂದ ರಿಸೀವರೆಂಬ ಭಾಗಕ್ಕೆ ಸೇರಿರುತ್ತದೆ. ಅಲ್ಲಿ ಬಿಗಿತ ಮುಗಿಯುವ ಕ್ಷಣದಲ್ಲಿ ಗುರಿಕಾಯಿ ನೆಟ್ಟಗೆ ಮೇಲಕ್ಕೆ ನಿಲ್ಲಬೇಕು. ಹಲ್ಲಿನ ಅಂತರವು ಒಂದು ಮಿಲಿಮೀಟರೆಂದಿಟ್ಟುಕೊಂಡರೆ, ಹತ್ತು ಡಿಗ್ರಿಯ ಕೊರತೆಯನ್ನು ನೀಗಲು ನಳಿಗೆಯ ಭುಜದಿಂದ ತೆಗೆಯಬೇಕಾದುದು 0.028 ಮಿಲಿಮೀಟರು, ಇಂಥ ಸೂಕ್ಷ್ಮತೆಗೆ ಲೇತು ಅವಶ್ಯ. ಕಾರ್ಖಾನೆಯವರು ನಳಿಗೆಯ ಮೇಲೂ ರಿಸೀವರಿನ ಮೇಲೂ ಹಾಯುವಂತೆ ಒಂದೇ ಗೆರೆಯನ್ನು ಕೊರೆಯುತ್ತಿದ್ದುದು ಈ ಜೋಡಣೆಯ ಸಾಕ್ಷಿಗಾಗಿ.

ಈ ವಿದ್ಯೆಯು ಎಲ್ಲರ ಕೈಗೂ ಸಲ್ಲುವುದಲ್ಲ. 1959ರ ಆಯುಧ ಕಾಯಿದೆಯು ದುರಸ್ತಿ, ಪರೀಕ್ಷೆಗಳಿಗೂ ಪರವಾನಗಿಯನ್ನು ವಿಧಿಸಿದೆ. ಅದಕ್ಕಿಂತಲೂ ನನ್ನ ಮನಸ್ಸನ್ನು ಕಾಡುವುದು ಬೇರೊಂದು: ಟಿಪ್ಪುವಿನ ನಳಿಗೆಗಳ ಮೇಲೆ ಹುಲಿಯ ಮುಖದಂತೆ ಹೆಣೆದ ಅಕ್ಷರಮುದ್ರೆಯೂ ನಿರ್ಮಾಣದ ಸ್ಥಳ, ವರ್ಷಗಳೂ ಕಂಡುಬರುವುದರಿಂದ, ನಳಿಗೆಯು ಹೋದರೆ ಆ ಶಾಸನವೇ ಹೋಯಿತು. ಸಂಗ್ರಹಾಲಯದ ಪಿಸ್ತೂಲಿಗೆ ಹೊಸ ನಳಿಗೆಯ ಅಗತ್ಯವಿಲ್ಲ. ಬಿರಡೆಯನ್ನು ಬಿಡಿಸಿ, ಒಳಗಿನ ಲವಣವನ್ನು ತೊಳೆದು, ಅದೇ ನಳಿಗೆಗೆ ಅದೇ ಬಿರಡೆಯನ್ನು ಮರಳಿ ಕೂರಿಸುವುದಷ್ಟೇ ಬೇಕಾದುದು. ಹಲ್ಲುಗಳನ್ನು ಕೈಯಿಂದಲೇ ಕೊರೆದಿದ್ದ ಕಾಲದಲ್ಲಿ ಒಂದರ ಬಿರಡೆ ಇನ್ನೊಂದಕ್ಕೆ ಹೊಂದುವುದಿಲ್ಲವಾದ್ದರಿಂದ, ಬಿಡಿಸಿದ ಭಾಗಗಳಿಗೆಲ್ಲ ಆಗಲೇ ಗುರುತುಚೀಟಿ ಕಟ್ಟಿ, ಒಂದೇ ತಟ್ಟೆಯಲ್ಲಿ ಇಡತಕ್ಕದ್ದು.