ಶರಾವತೀ ಕೊಳ್ಳದ ಕಾನುಗಳು

ಉತ್ತರಕನ್ನಡ ಜಿಲ್ಲೆಯ ಹೊನ್ನಾವರವು ಶರಾವತೀ ನದಿಯು ಪಶ್ಚಿಮ ಸಮುದ್ರವನ್ನು ಕೂಡುವ ಅಳಿವೆಯ ಮೇಲಿರುವ ಪ್ರಾಚೀನವಾದ ರೇವುಪಟ್ಟಣ. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತನು ಇದನ್ನು ಕಂಡು ವರ್ಣಿಸಿರುವನು. ಪೋರ್ಚುಗೀಸರು ಇದನ್ನು ಓನೋರ್ ಎಂದು ಕರೆದರು. ಮೇಲುಗಡೆಯ ಗೇರುಸೊಪ್ಪೆಯಲ್ಲಿ ಆಳಿದ ಚೆನ್ನಭೈರಾದೇವಿಗೆ ‘ಮೆಣಸಿನ ರಾಣಿ’ ಎಂಬ ಹೆಸರನ್ನಿತ್ತವರೂ ಅವರೇ. ಇಂದು ಈ ಪಟ್ಟಣಕ್ಕೆ ಬರುವವರು ಜೋಗದ ಜಲಪಾತ, ಅಳಿವೆಯ ಕಾಂಡ್ಲವನ, ಕಾಸರಕೋಡಿನ ಮರಳದಂಡೆ ಇವುಗಳನ್ನು ಒಂದೊಂದಾಗಿ ನೋಡಿ, ಒಂದಕ್ಕೊಂದು ಸಂಬಂಧವಿಲ್ಲದ ನೋಟಗಳೆಂದು ತಿಳಿದು ಮರಳುವುದುಂಟು. ವಾಸ್ತವದಲ್ಲಿ ಇವೆಲ್ಲವನ್ನೂ ಒಂದೇ ನೀರು ಪೋಣಿಸಿರುವುದು. ಆ ನೀರನ್ನು ಹಿಡಿದಿಟ್ಟು ಮೆಲ್ಲಮೆಲ್ಲನೆ ಬಿಡುವ ಘಟ್ಟದ ಕಾನು ಮಾತ್ರ ನೋಡುವವರ ಕಣ್ಣಿಗೆ ಬೀಳುವುದು ಅಪರೂಪ.

‘ಕಾನು’ ಎಂಬ ಶಬ್ದವೇ ಮೊದಲು ವಿಚಾರಾರ್ಹವಾಗಿದೆ. ‘ಕಾನನ’ವೆಂಬ ಸಂಸ್ಕೃತ ಪದದೊಡನೆ ಇದರ ಸಂಬಂಧವೇನೇ ಇರಲಿ, ಮಲೆನಾಡಿಗರ ಬಾಯಲ್ಲಿ ಇದು ಕಾಡೆಂಬುದಕ್ಕೆ ಬರಿಯ ಪರ್ಯಾಯವಲ್ಲ. ಅಡಕೆಯ ತೋಟಕ್ಕೆ ಸೊಪ್ಪು ಒದಗಿಸುವ ಮರಗಾಡು ‘ಸೊಪ್ಪಿನ ಬೆಟ್ಟ’. ಹುಲ್ಲು ಬೆಳೆಯುವ ತೆರಪು ‘ಬೇಣ’. ಕಡಿದು ಸುಟ್ಟು ಬಿತ್ತಿದ ನೆಲ ‘ಕುಮರಿ’. ವರ್ಷವಿಡೀ ಹಸುರಾಗಿದ್ದು, ಕೊಡಲಿ ಮುಟ್ಟದೆ, ನೀರಿನ ಒರತೆಯನ್ನು ಒಡಲಲ್ಲಿಟ್ಟುಕೊಂಡಿರುವ ದಟ್ಟಾರಣ್ಯಕ್ಕೆ ಮಾತ್ರ ‘ಕಾನು’ ಎಂಬ ಹೆಸರು ಸಲ್ಲುವುದು. ಕಾನಸೂರು, ಕಾನಲೆ ಮೊದಲಾದ ಊರ ಹೆಸರುಗಳಲ್ಲಿ ಈ ಪದವು ನೆಲೆನಿಂತಿದೆ. ಶ್ರೀ ಕುವೆಂಪು ಅವರು 1936ರಲ್ಲಿ ಪ್ರಕಟಿಸಿದ ಕಾದಂಬರಿಯ ‘ಕಾನೂರು’ ಎಂಬ ಹೆಸರಿನಲ್ಲಿಯೂ ಇದೇ ಧ್ವನಿಯು ಕೇಳುವುದು.

ಕಾನುಗಳು ತಾವಾಗಿಯೇ ಉಳಿದು ಬಂದವುಗಳಲ್ಲ. ಚೌಡಿ, ಜಟಕ, ಹುಲಿದೇವರು ಮೊದಲಾದ ದೈವಗಳ ನೆಲೆಯೆಂದು ಭಾವಿಸಿ ಊರವರು ಅವುಗಳನ್ನು ಕಾಯ್ದರು. 1801ರಲ್ಲಿ ಕನ್ನಡ ಜಿಲ್ಲೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು, ಇಲ್ಲಿಯ ಕಾಡುಗಳು ಊರ ದೇವರ ಸ್ವತ್ತೆನಿಸುತ್ತಿದ್ದುವೆಂದೂ, ದೇವರ ಪೂಜಾರಿಯೂ ಆಗಿದ್ದ ಊರ ಮುಖ್ಯಸ್ಥನ ಅಪ್ಪಣೆಯಿಲ್ಲದೆ ಮರ ಕಡಿಯಬಾರದೆಂಬ ನಿಯಮವಿತ್ತೆಂದೂ ಬರೆದಿಟ್ಟಿರುವನು. ಸರಕಾರವು ಒಡೆತನವನ್ನು ಸ್ಥಾಪಿಸದಂತೆ ಹೂಡಿದ ಉಪಾಯವಿದೆಂದು ಅವನು ಶಂಕಿಸಿದನು. ಆದರೆ ಕಾನಿನ ಮರಗಳನ್ನೇ ಅಡರಿ ಬೆಳೆಯುವ ಮೆಣಸಿನ ಬಳ್ಳಿಯನ್ನೂ, ಕಾನಿನ ಒರತೆಯನ್ನೇ ನೆಚ್ಚಿದ ಕೆಳಗಿನ ತೋಟಗದ್ದೆಗಳನ್ನೂ ನೆನೆದರೆ, ಈ ಭಕ್ತಿಯ ಹಿಂದೆ ಅನುಭವದ ವಿವೇಕವೂ ಇದ್ದಿತೆಂಬುದು ಸ್ಪಷ್ಟವಾಗುವುದು.

ಹೊನ್ನಾವರದಿಂದ ಜೋಗಕ್ಕೆ ಏರುವ ಘಟ್ಟದಾರಿಯ ಬಳಿ, ಸಿದ್ದಾಪುರ ತಾಲ್ಲೂಕಿನಲ್ಲಿ, ಕತ್ತಲೆಕಾನು ಎಂಬ ಸ್ಥಳವಿದೆ. ಹಗಲಿನಲ್ಲಿಯೂ ಬಿಸಿಲು ನೆಲವನ್ನು ಮುಟ್ಟದ ಈ ಎಡೆಗೆ ಹೆಸರು ಅನ್ವರ್ಥವಾಗಿಯೇ ಇದೆ. ಇಲ್ಲಿ ತೊರೆಗಳು ಹುಟ್ಟುವ ತಗ್ಗುಗಳಲ್ಲಿ ಸದಾ ನೀರು ನಿಂತು ಜೌಗಾಗಿರುವುದು. ಇಂಥ ನೆಲದಲ್ಲಿ ಸಾಮಾನ್ಯ ವೃಕ್ಷಗಳ ಬೇರಿಗೆ ಗಾಳಿ ಸಾಲದು. ಆದರೆ ಜಾಯಿಕಾಯಿಯ ಕುಲಕ್ಕೆ ಸೇರಿದ ಕಾಡುಮರಗಳು ಆ ಕೊರತೆಯನ್ನು ನೀಗುವ ಬಗೆಯನ್ನು ಪಡೆದಿವೆ: ಒಂದು ಜಾತಿಯು ಕಾಂಡದಿಂದ ಊರುಗೋಲಿನಂತಹ ಬೇರುಗಳನ್ನು ಇಳಿಬಿಡುವುದು, ಇನ್ನೊಂದರ ಬೇರುಗಳು ಮಡಿಸಿದ ಮೊಣಕಾಲಿನಂತೆ ಕೆಸರಿನಿಂದ ಮೇಲೆದ್ದು ಉಸಿರಾಡಿ ಮತ್ತೆ ಕೆಸರನ್ನು ಹೊಗುವುದು. ಈ ಎರಡನೆಯ ಜಾತಿಯ ಶಾಸ್ತ್ರೀಯ ನಾಮವಾದ ‘ಜಿಮ್ನಕ್ರಾಂತೆರ ಕನಾರಿಕ’ ಎಂಬುದರಲ್ಲಿ ಕನ್ನಡ ಜಿಲ್ಲೆಯ ಹೆಸರೇ ಅಡಗಿದೆ. ಗೇರಿನ ಕುಟುಂಬಕ್ಕೆ ಸೇರಿದ ಒಂದು ಮರವನ್ನು ಈ ಜೌಗಿನಿಂದಲೇ 2000ದಲ್ಲಿ ಹೊಸದಾಗಿ ಗುರುತಿಸಿ, ಅದಕ್ಕೆ ಕತ್ತಲೆಕಾನಿನ ಹೆಸರನ್ನೇ ಇಟ್ಟರು.

ಈ ಮರಗಳ ಬೀಜವು ದಪ್ಪವಾದುದು. ಒಣಗಿದರೆ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುವುದು. ಆದಕಾರಣ ಜೌಗು ಒಮ್ಮೆ ಬತ್ತಿತೆಂದರೆ ಆ ವನವು ಮತ್ತೆ ತಲೆಯೆತ್ತುವುದು ಕಷ್ಟ. ಬೀಜವನ್ನು ದೂರಕ್ಕೆ ಒಯ್ಯುವ ಕೆಲಸವು ಮಂಗಟ್ಟೆ ಹಕ್ಕಿಗಳದು. ಹಿರಿಯ ಮರದ ಪೊಟರೆಯಲ್ಲಿ ಹೆಣ್ಣು ತನ್ನನ್ನು ತಾನೇ ಮುಚ್ಚಿಕೊಂಡು ಮೊಟ್ಟೆಯಿಡುವುದು. ಬಾಗಿಲಿನ ಸೀಳಿನಿಂದ ಗಂಡು ಹಣ್ಣುಗಳನ್ನು ತಂದುಣಿಸುವುದು. ಹೀಗೆ ಹಕ್ಕಿಗೆ ಹಳೆಯ ಮರ ಬೇಕು. ಮರಕ್ಕೆ ಹಕ್ಕಿ ಬೇಕು. ಇವೆರಡಕ್ಕೂ ಕಾನಿನ ತಂಪು ಬೇಕು.

ಕಾನಿನ ಪ್ರಾಣಿಗಳಲ್ಲಿ ಮುಖ್ಯವಾದುದು ಸಿಂಗಳೀಕ. ಕರಿಯ ಮೈ, ಮುಖದ ಸುತ್ತ ನರೆತ ಕೇಸರ, ತುದಿಯಲ್ಲಿ ಕುಚ್ಚುಳ್ಳ ಬಾಲ ಇವು ಇದರ ಲಕ್ಷಣಗಳು. 1758ರಲ್ಲಿ ಲಿನೇಯಸನು ಇದಕ್ಕೆ ಗ್ರೀಕ್ ಪುರಾಣದ ಸೈಲೀನಸನ ಹೆಸರನ್ನಿಟ್ಟನು. ಸಹ್ಯಾದ್ರಿಯಲ್ಲಲ್ಲದೆ ಜಗತ್ತಿನ ಬೇರೆಲ್ಲಿಯೂ ಇದು ಸ್ವಾಭಾವಿಕವಾಗಿ ನೆಲಸಿಲ್ಲ. ಮುಸಿಯನಂತೆ ಬಯಲಿಗೆ ಹೊಂದಿಕೊಳ್ಳದೆ, ಮರಗಳ ನೆತ್ತಿಯಿಂದ ನೆತ್ತಿಗೆ ಸಾಗಿ, ಹಣ್ಣು ಕೀಟಗಳಿಂದ ಜೀವಿಸುವುದು. ಸಂತಾನವು ಬಹು ನಿಧಾನವಾಗಿ ಹೆಚ್ಚುವುದು. ಕಾನಿನ ನಡುವೆ ಅಗಲವಾದ ದಾರಿಯೊಂದು ಹಾದರೂ ಗುಂಪುಗಳು ಒಂದನ್ನೊಂದು ಅಗಲುವ ಭಯವುಂಟು. 2004ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಸಿರಸಿ–ಹೊನ್ನಾವರದ ಕಾಡುಗಳಲ್ಲಿ 32 ಗುಂಪುಗಳನ್ನು ಲೆಕ್ಕಿಸಿ, ಈ ಪ್ರಾಣಿಯ ಉತ್ತರದ ಎಲ್ಲೆಯಲ್ಲಿ ಇಷ್ಟು ದೊಡ್ಡ ಸಮುದಾಯವಿರುವುದನ್ನು ತೋರಿಸಿಕೊಟ್ಟಿತು.

ಘಟ್ಟದ ಮೇಲೆ ನಡೆದುದರ ಫಲವು ಅಳಿವೆಯಲ್ಲಿ ಕಾಣುವುದು. ಜೋಗದ 253 ಮೀಟರಿನ ಧುಮುಕನ್ನು ಆಶ್ರಯಿಸಿ 1948ರಲ್ಲಿ ವಿದ್ಯುದಾಗಾರವೂ, 1964ರಲ್ಲಿ ಲಿಂಗನಮಕ್ಕಿಯ ಕಟ್ಟೆಯೂ ಸಿದ್ಧವಾದುವು. ವಿದ್ಯುತ್ತಿಗಾಗಿ ಹರಿಸಿದ ಸಿಹಿನೀರು ಬೇಸಗೆಯಲ್ಲಿಯೂ ಅಳಿವೆಗೆ ಇಳಿಯುವುದರಿಂದ ಅಲ್ಲಿಯ ಉಪ್ಪಿನಂಶವು ಕುಗ್ಗಿ, ಉಪ್ಪುನೀರನ್ನು ಬಯಸುವ ಕಾಂಡ್ಲದ ಜಾತಿಗಳೂ ಚಿಪ್ಪುಜೀವಿಗಳೂ ಕ್ಷೀಣಿಸಿದುವು. ಕಟ್ಟೆಯಿಲ್ಲದ ನೆರೆಯ ಅಘನಾಶಿನಿಯ ಅಳಿವೆಯಲ್ಲಾದರೋ ಚಿಪ್ಪಿಯನ್ನು ಆಯ್ದು ಬಾಳುವ ಕುಟುಂಬಗಳು ಇಂದಿಗೂ ಇವೆ. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು. ಒಂದೇ ಕರಾವಳಿಯ ಈ ಎರಡು ನದಿಗಳ ಹೋಲಿಕೆಯು ಯಾವ ಉಪದೇಶಕ್ಕಿಂತಲೂ ಹೆಚ್ಚಿನದನ್ನು ಕಲಿಸುವುದು.

1972ರಲ್ಲಿ ಶರಾವತೀ ಕಣಿವೆಯ ವನ್ಯಧಾಮವೂ, 2011ರಲ್ಲಿ ಅಘನಾಶಿನಿಯ ಸಿಂಗಳೀಕ ಸಂರಕ್ಷಿತ ಪ್ರದೇಶವೂ ಏರ್ಪಟ್ಟು, 2019ರಲ್ಲಿ ಇವೆರಡೂ ಇತರ ಮೀಸಲು ಕಾಡುಗಳೊಡನೆ ಕೂಡಿ ಸುಮಾರು 930 ಚದರ ಕಿಲೋಮೀಟರುಗಳ ಒಂದೇ ಅಭಯಾರಣ್ಯವಾದುವು. ಇದೇ ಕಣಿವೆಯಲ್ಲಿ ನೀರನ್ನು ಮೇಲೆತ್ತಿ ಮರಳಿ ಹರಿಸಿ 2000 ಮೆಗಾವಾಟ್ ವಿದ್ಯುತ್ತನ್ನು ಪಡೆಯುವ ಯೋಜನೆಯು ಪ್ರಸ್ತಾವಿತವಾಗಿ ತೀವ್ರವಾದ ಚರ್ಚೆಗೆ ಗುರಿಯಾಗಿದೆ. ಇಂಥ ಚರ್ಚೆಗಳಲ್ಲಿ ಕಾಡನ್ನು ಎಕರೆಗಳಿಂದಲೂ ಮರಗಳ ಸಂಖ್ಯೆಯಿಂದಲೂ ಅಳೆಯುವುದು ವಾಡಿಕೆ. ಕಡಿದ ಕಾಡಿಗೆ ಬದಲಾಗಿ ಬೇರೆಡೆ ಸಸಿಗಳನ್ನು ನೆಟ್ಟು ಎಕರೆಗಳ ಲೆಕ್ಕವನ್ನು ಸರಿದೂಗಿಸಬಹುದು. ಒರತೆ, ಬೀಜ, ಹಕ್ಕಿ, ಸಿಂಗಳೀಕಗಳ ಹೊಂದಾಣಿಕೆಯಿಂದಾದ ಕಾನನ್ನು ನೆಡಲು ಬಾರದು. ಈ ಭೇದವನ್ನು ನಮ್ಮ ಹಿರಿಯರು ಎರಡು ಬೇರೆ ಪದಗಳಲ್ಲಿಯೇ ಹಿಡಿದಿಟ್ಟಿರುವರು. ಆ ಪದಗಳ ಅರ್ಥವನ್ನು ಶಾಲೆಯ ಪಾಠದಲ್ಲಿ ಉಳಿಸಿಕೊಳ್ಳುವುದೂ ಕಾನಿನ ರಕ್ಷಣೆಯ ಒಂದು ಅಂಗವೇ ಸರಿ.